ನಿಡೋಣಿಯ ಹುಡುಗ ಮತ್ತು ಸಂಜೆಯ ಬಸ್ಸು

ಬಬಲೇಶ್ವರ ತಾಲೂಕಿನ ನಿಡೋಣಿಯ ಕಡೆಗೆ ಹೊರಟವರಿಗೆ ಮೊದಲು ಕಾಣುವುದು ಎರೆಹೊಲ. ಬೇಸಿಗೆಯಲ್ಲಿ ಈ ಮಣ್ಣು ಕೈ ಹಿಡಿಸುವಷ್ಟು ಬಿರಿಯುತ್ತದೆ. ಮಳೆ ಬಿತ್ತೆಂದರೆ ಕಾಲಲ್ಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಇಂಥ ನೆಲದಲ್ಲಿ ಚೆಂಡು ಒದೆಯಬೇಕೆಂದರೆ ಮೊದಲು ಗರಸು ತಂದು ಹಾಸಬೇಕು.

ಇಲ್ಲಿಂದ ವಿಜಯಪುರದ ಕಾಲೇಜಿಗೆ ಹೋಗುವ ಹುಡುಗನಿಗೆ ಫುಟ್ಬಾಲಿನ ಹುಚ್ಚು ಹತ್ತಿತು ಎನ್ನಿ. ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಇದಕ್ಕಾಗಿ ಮಗನನ್ನು ಬೆಂಗಳೂರಿಗೇ ಕಳಿಸಬೇಕೇ? ತಂಡದ ಗೆಲುವಿಗೂ ಊರಿಗೂ ಅಷ್ಟೊಂದು ನಂಟಿದೆಯೇ?

ಬೆಂಗಳೂರಿನ ಮಟ್ಟಿಗೆ ಇದೆಯೆಂದೇ ಹೇಳಬೇಕು. ದಂಡುಪ್ರದೇಶದಲ್ಲಿ ಬ್ರಿಟಿಷ್ ಪಲ್ಟಣಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ. ಅಲ್ಲಿ ಹುಡುಗನಿಗೆ ಎದುರಾಳಿಯನ್ನು ಹುಡುಕುವ ಕಷ್ಟವಿಲ್ಲ, ಪಕ್ಕದ ಓಣಿಯಲ್ಲೇ ಸಿಗುತ್ತಾನೆ.

ಹಾಗೆಂದು ಊರು ದೊಡ್ಡದಿರಲೇಬೇಕೆಂದಿಲ್ಲ. ಅಮೆರಿಕದ ಟಸ್ಕಲೂಸಾ ಸುಮಾರು ಒಂದು ಲಕ್ಷ ಜನರ ಪಟ್ಟಣ. ಅಲ್ಲಿನ ಅಲಬಾಮಾ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲೂ ಸುಮಾರು ಒಂದು ಲಕ್ಷ ಆಸನಗಳು! ಅವರ ಫುಟ್ಬಾಲ್ ಬೇರೆ, ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ. ಆದರೂ ದೇಶದ ಮಹಾನಗರಗಳ ಕಾಲೇಜುಗಳನ್ನು ಹಿಂದಿಕ್ಕಿ ಈ ಪಟ್ಟಣದ ತಂಡ ಮತ್ತೆ ಮತ್ತೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ.

ವಿಜಯಪುರಕ್ಕೂ ತನ್ನದೇ ಆದ ಆಟವೊಂದಿದೆ, ಅದು ಸೈಕ್ಲಿಂಗ್. ಈ ಜಿಲ್ಲೆಯ ಮತ್ತು ನೆರೆಯ ಬಾಗಲಕೋಟೆಯ ಸವಾರರು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಬಯಲುಸೀಮೆಯ ನೇರ ರಸ್ತೆ, ಎದುರು ಬೀಸುವ ಗಾಳಿ, ಜಾತ್ರೆಗಳಲ್ಲಿ ತೆರಬಂಡಿಯ ಜೊತೆಗೆ ನಡೆಯುವ ಸೈಕಲ್ ಶರ್ಯತ್ತು ಇವೆಲ್ಲ ಸೇರಿ ಸವಾರನನ್ನು ತಯಾರು ಮಾಡುತ್ತವೆ. ಸೈಕಲ್ಲಿಗೆ ಒಬ್ಬನೇ ಸಾಕು. ಬೆಳಗಿನ ಜಾವ ಎದ್ದು ಹಳ್ಳಿಯ ರಸ್ತೆಯಲ್ಲೇ ಮೂವತ್ತು ಕಿಲೋಮೀಟರ್ ತುಳಿದು, ರೊಟ್ಟಿ ತಿಂದು ಕಾಲೇಜಿಗೆ ಹೋಗಬಹುದು.

ಫುಟ್ಬಾಲ್ ಹಾಗಲ್ಲ. ಅದಕ್ಕೆ ಸಂಜೆಯಾಗಬೇಕು, ಇಪ್ಪತ್ತೆರಡು ಮಂದಿ ಒಟ್ಟಿಗೆ ನಿಲ್ಲಬೇಕು. ಕಾಲೇಜು ಬಿಟ್ಟು ಅಭ್ಯಾಸ ಶುರುವಾಗುವ ಹೊತ್ತಿಗೆ ಹಳ್ಳಿಯ ಹುಡುಗರು ಪಾಸು ಹಿಡಿದು ಬಸ್ ನಿಲ್ದಾಣದಲ್ಲಿರುತ್ತಾರೆ. ತಂಡದಲ್ಲಿ ಅಂಥವರು ನಾಲ್ವರಿದ್ದರೂ ಆ ದಿನದ ಅಭ್ಯಾಸ ಕೆಟ್ಟಂತೆಯೇ. ಅಂತರ ಕಾಲೇಜು ಪಂದ್ಯದಲ್ಲಿ ಪಾಸ್ ತಪ್ಪಿದಾಗ ತರಬೇತುದಾರ ಹುಡುಗನನ್ನು ಬೈಯುತ್ತಾನೆ; ಬಸ್ಸಿನ ವೇಳಾಪಟ್ಟಿಯನ್ನು ಯಾರೂ ಬೈಯುವುದಿಲ್ಲ.

ಹೀಗಾಗಿ ನಿಡೋಣಿಯ ತಂದೆ ಪ್ರವೇಶದ ಅರ್ಜಿ ತುಂಬುವಾಗ ಊರಿನ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಹಾಸ್ಟೆಲ್ಲಿನ ಬಗ್ಗೆ. ಅಲ್ಲಿಂದ ಮೈದಾನಕ್ಕೆ ನಡೆದು ಹೋಗಬಹುದೇ? ಸಂಜೆ ಏಳಕ್ಕೆ ಮರಳಿದ ಹುಡುಗನಿಗೆ ಊಟ ಉಳಿದಿರುತ್ತದೆಯೇ?