ಡಯಲ್ಲಿನ ಹೆಸರು, ಒಳಗಿನ ಮಿಷನ್ನು

ವಾಚು ಕಟ್ಟಿದ ನಮ್ಮ ಕೈಯನ್ನು ಜನ ಎರಡು ಸಲ ನೋಡುತ್ತಾರೆ. ಮೊದಲ ಸಲ ಟೈಮು ನೋಡಲಿಕ್ಕೆ. ಎರಡನೇ ಸಲ, ಇದು ಇವರ ಕೈಗೆ ಎಲ್ಲಿಂದ ಬಂತು ಅಂತ ನೋಡಲಿಕ್ಕೆ. ಆಮೇಲೆ ಕೇಳುತ್ತಾರೆ: 'ಒರಿಜಿನಲ್ಲೇನಪ್ಪಾ?' ಆ ದನಿ ನಮಗೆ ಹೊಸದಲ್ಲ. 'ಯಾವೂರು? ಯಾವ ಪೈಕಿ?' ಅಂತ ಕೇಳುವ ದನಿಯೂ ಅದೇ.

'ಅಲ್ಲ ಸಾರ್, ಡೂಪ್ಲಿಕೇಟು' ಅನ್ನುತ್ತೇವೆ. ಹಾಗಂದ ಕೂಡಲೇ ಕೇಳಿದವರ ಮುಖದಲ್ಲಿ ಒಂದು ಸಮಾಧಾನ. ಲೋಕ ಇನ್ನೂ ಇದ್ದ ಜಾಗದಲ್ಲೇ ಇದೆ ಎಂಬ ಸಮಾಧಾನ. ಆ ಸಮಾಧಾನದ ಬಗ್ಗೆ, ಅದನ್ನು ಕೊಡುವ ವಾಚಿನ ಬಗ್ಗೆ ನಾಲ್ಕು ಮಾತು ಬರೆಯುವುದಿದೆ.

ನಾವು ಅಂದರೆ ಸರ್ಕಾರಿ ಹಾಸ್ಟೆಲಿನ ಒಂದೇ ರೂಮಿನಲ್ಲಿ ಮೂರು ವರ್ಷ ಉಂಡು ಮಲಗಿ ಓದಿದ ನಾಲ್ವರು. ನಾಲ್ವರ ಮನೆಯಲ್ಲೂ ನಮಗಿಂತ ಮುಂಚೆ ಡಿಗ್ರಿ ಇರಲಿಲ್ಲ. ನಾವು ಹುಟ್ಟುವ ಹೊತ್ತಿಗೆ ಗಡಿಯಾರವೂ ಇರಲಿಲ್ಲ. ಕೇರಿಗೆ ಮೊಬೈಲು ಬರುವವರೆಗೆ ಹೊತ್ತು ತಿಳಿಯುತ್ತಿದ್ದದ್ದು ಮೊದಲ ಬಸ್ಸಿನ ಹಾರನ್ನಿನಿಂದ, ಡೈರಿಯ ಕ್ಯಾನುಗಳ ಸದ್ದಿನಿಂದ, ಗೋಡೆಯ ನೆರಳಿನಿಂದ. ಕೂಲಿಯ ಹೊತ್ತು ಮಾತ್ರ ಯಾವ ನೆರಳಿನ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಅದು ಹೊಲದ ಧಣಿಯ ಮಣಿಕಟ್ಟಿನಲ್ಲಿತ್ತು. 'ಇನ್ನೂ ಐದಾಗಿಲ್ಲ ಕಣಮ್ಮೀ, ಆ ಸಾಲು ಮುಗುಸ್ಬುಟ್ಟು ಹೋಗು' ಅಂದರೆ ಅವ್ವ ಮುಗಿಸುತ್ತಿದ್ದಳು. ಐದಾಗಿತ್ತೋ ಇಲ್ಲವೋ, ಅದನ್ನು ಕೇಳಲಿಕ್ಕೆ ಬಾಯಿ ಇದ್ದರೆ ಸಾಲದು, ವಾಚಿರಬೇಕಿತ್ತು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. 1946ರ ಕಾರ್ಖಾನೆ ಕಾಯ್ದೆಯ ತಿದ್ದುಪಡಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿತು. ಆ ಕಾಯ್ದೆ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿತು, ಹೊಲದ ಬದುವಿಗೆ ಬರಲಿಲ್ಲ. ಬಂದಿದ್ದರೂ ಅಷ್ಟೇ. ಎಂಟು ಗಂಟೆ ಅಂತ ಕಾಗದದಲ್ಲಿ ಬರೆದರೆ ಸಾಲದು. ಎಂಟಾಯಿತು ಅಂತ ತೋರಿಸುವ ಮುಳ್ಳು ಕೂಲಿಯವರ ಕೈಯಲ್ಲೂ ಇರಬೇಕು.

ಅಂಥ ಮನೆಗಳಿಂದ ಬಂದ ನಮ್ಮ ಕೈಗೆ ಮೊದಲು ಸಿಕ್ಕ ವಾಚು ನಕಲಿಯಾಗದೆ ಇನ್ನೇನಾದೀತು? ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ 250 ರೂಪಾಯಿ. ಮುಖದ ಮೇಲೆ ರೋಲೆಕ್ಸ್ ಎಂಬ ಹೆಸರು, ಅದರ ಮೇಲೊಂದು ಕಿರೀಟ. ಆ ಹೆಸರಿನ ಬೆಲೆ ಎಷ್ಟೆಂದು ಆಗ ನಮಗೆ ಗೊತ್ತಿರಲಿಲ್ಲ. ಮುಳ್ಳು ತಿರುಗುತ್ತಿತ್ತು, ಅದೇ ದೊಡ್ಡದು. ನಾಲ್ವರೂ ಸರದಿಯ ಮೇಲೆ ಕಟ್ಟಿದೆವು. ವರ್ಷದೊಳಗೆ ನಿಂತುಹೋಯಿತು. ಎಸೆಯಲು ಮನಸ್ಸು ಬರಲಿಲ್ಲ. ಬ್ಲೇಡಿನ ತುದಿಯಿಂದ ಅದರ ಬೆನ್ನು ಎಬ್ಬಿಸಿ ನೋಡಿದೆವು. ಅಷ್ಟಗಲದ ಡಬ್ಬಿಯೊಳಗೆ ಹೆಬ್ಬೆರಳಿನ ಉಗುರಿನಷ್ಟು ಮಿಷನ್ನು, ಸುತ್ತ ಜಾಗ ತುಂಬಲು ಒಂದು ಪ್ಲಾಸ್ಟಿಕ್ಕಿನ ಬಳೆ. ಸೆಲ್ಲು ಬದಲಿಸಿದೆವು, ಓಡಿತು. ಆ ಉಗುರಿನಷ್ಟು ಮಿಷನ್ನಿನೊಳಗೆ ಒಂದು ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹತ್ತಾರು ಸಾವಿರದ ಕ್ವಾರ್ಟ್ಜ್ ವಾಚಿನೊಳಗೂ ಸಾಮಾನ್ಯವಾಗಿ ಅಷ್ಟೇ ಸಲ. ಇದು ತಿಳಿದ ದಿನ ನಮಗೆ ವಾಚಿನ ಹುಚ್ಚು ಹತ್ತಿತು.

ಅಲ್ಲಿಂದಾಚೆ ಚಿಕ್ಕಪೇಟೆಯ ಸಂಡೇ ಬಜಾರು ನಮ್ಮ ಎರಡನೇ ಕಾಲೇಜಾಯಿತು. ಪ್ಲಾಸ್ಟಿಕ್ ಹಾಳೆಯ ಮೇಲೆ ಹಳೇ ಬೀಗ, ಹಳೇ ಚಾರ್ಜರು, ಅವುಗಳ ಮಧ್ಯೆ ಹೊಳೆಯುವ ಎಚ್‌ಎಂಟಿ ಜನತಾ ವಾಚುಗಳು. ಕೆಂಪು, ಹಸಿರು, ಕೇಸರಿ, ಜಾತ್ರೆಯ ಬಳೆಯಂಗಡಿಯ ಹಾಗೆ. 'ಫುಲ್ ಒರಿಜಿನಲ್, ಓಲ್ಡ್ ಸ್ಟಾಕ್' ಅಂತ ಮಾರುವವನ ಆಣೆ ಬೇರೆ. ಅದು ಪೂರ್ತಿ ನಿಜವಲ್ಲ. ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಆ ವಾಚು ನಮ್ಮನ್ನು ಹಿಡಿದುಕೊಂಡಿತು.

ಸಂಗತಿ ಇಷ್ಟು. ಹಿಂದೂಸ್ತಾನ್ ಮಷೀನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ವಿದ್ಯೆ ಪಡೆದು ಇಲ್ಲೇ ವಾಚು ಮಾಡತೊಡಗಿದರು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ಗಂಡಸರು, ಹೆಂಗಸರು ಸಾಲುಮೇಜುಗಳ ಮುಂದೆ ಕೂತು ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಕೂರಿಸಿದರು. ಜನತಾ ಅಂತಲೇ ಒಂದು ವಾಚಿಗೆ ಹೆಸರಿಟ್ಟರು. ಆ ಜನತೆಯಲ್ಲಿ ನಮ್ಮ ಅಪ್ಪಂದಿರು ಸೇರಿರಲಿಲ್ಲ. ಅದು ಮದುವೆಯ ಗಂಡಿಗೆ ಮಾವನ ಮನೆಯ ಉಡುಗೊರೆ, ಪಾಸಾದ ಮಗನಿಗೆ ನೌಕರಿಯ ಅಪ್ಪನ ಉಡುಗೊರೆ. ಆಮೇಲೆ ಕ್ವಾರ್ಟ್ಜ್ ಬಂತು, ಖಾಸಗಿಯವರು ಬಂದರು, ಲುಕ್ಸಾನು ಬೆಟ್ಟದಷ್ಟಾಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ಕಂಪನಿ ಮುಚ್ಚಬಹುದು, ಅದು ಮಾಡಿದ ಮಿಷನ್ನು ಸಾಯಬೇಕಲ್ಲ. ಮನೆಮನೆಯ ಟ್ರಂಕುಗಳಿಂದ, ಗುಜರಿಯಿಂದ ಆ ಹಳೇ ವಾಚುಗಳು ಕಿಲೋಗಟ್ಟಲೆ ಹೊರಬಂದವು. ಯಾರೋ ಮಿಷನ್ನು ತೊಳೆದರು, ಯಾರೋ ಡಬ್ಬಿಗೆ ಪಾಲಿಶ್ ಹೊಡೆದರು, ಯಾರೋ ಹಳೇ ಡಯಲ್ಲನ್ನು ಉಜ್ಜಿ ಅದೇ ಹೆಸರನ್ನು ಹೊಸದಾಗಿ ಅಚ್ಚು ಹಾಕಿದರು. ಹೀಗೆ ಹೆಸರು ನಕಲಿ, ಬಣ್ಣ ನಕಲಿ, ಮುಳ್ಳು ಇನ್ನಾವುದೋ ವಾಚಿನದು. ಒಳಗಿನ ಮಿಷನ್ನು ಮಾತ್ರ ಜಾಲಹಳ್ಳಿಯ ಇಲ್ಲವೇ ತುಮಕೂರಿನ ಕೈಗಳದ್ದು. ಇಂಥ ವಾಚುಗಳನ್ನು 900, 1,000 ಕೊಟ್ಟು ನಾವು ಕೊಂಡಿದ್ದೇವೆ. ತಿಳಿದೇ ಕೊಂಡಿದ್ದೇವೆ.

ಗುರುತು ಹಿಡಿಯುವುದು ಕಷ್ಟವಲ್ಲ. ಐಗ್ಲಾಸು ಹಾಕಿ ನೋಡಿದರೆ ಹೊಸ ಅಚ್ಚಿನ ಅಕ್ಷರದ ಅಂಚು ನೀರು ಬಿದ್ದ ಶಾಯಿಯ ಹಾಗೆ ಹರಡಿರುತ್ತದೆ. ಗಂಟೆಯ ಗೆರೆ ಮಧ್ಯಕ್ಕೆ ಸರಿಯಾಗಿ ನೋಡುವುದಿಲ್ಲ. ಪಾಲಿಶ್ ಹೊಡೆದು ಹೊಡೆದು ಡಬ್ಬಿಯ ಮೂಲೆಗಳು ಸವೆದು ಗುಂಡಗಾಗಿರುತ್ತವೆ. ಇದನ್ನೆಲ್ಲ ನಮಗೆ ಕಲಿಸಿದ್ದು ಫುಟ್‌ಪಾತಿನಲ್ಲಿ ವಾಚು ರಿಪೇರಿ ಮಾಡುವ ಒಬ್ಬ ಮುದುಕ. ಆತ ಕಲಿಸುತ್ತೇನೆ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾವು ನಿಂತು ನೋಡಿದೆವು. ಹೀಗೆ ನೋಡಿ ಕಲಿತವನ ಹೆಬ್ಬೆರಳು ಕೇಳಿದ ದೇಶ ಇದು. ಚಿಮಟ ಹಿಡಿಯಲು ಬೇಕಾದದ್ದೂ ಅದೇ ಹೆಬ್ಬೆರಳು. ಆದ್ದರಿಂದ ಗುರುದಕ್ಷಿಣೆಯಾಗಿ ಟೀ, ಬನ್ನು ಮಾತ್ರ ಕೊಟ್ಟೆವು.

ಜನತಾದ ಕೈಕೀಲಿಯ ಮಿಷನ್ನಿಗೆ 0231 ಅಂತ ನಂಬರು. 17 ಕಲ್ಲು. ಸೆಕೆಂಡಿಗೆ 5 ಬಡಿತ, ಗಂಟೆಗೆ 18,000, ದಿನಕ್ಕೆ 4,32,000. ಪುರಾಣದವರು ಕಲಿಯುಗಕ್ಕೆ ಲೆಕ್ಕ ಹಾಕಿದ ವರ್ಷಗಳೂ 4,32,000. ಆ ಕಲಿಯುಗ ಮುಗಿಯಲಿ ಅಂತ ಕಾಯುವವರು ಕಾಯಲಿ. ನಮ್ಮ ವಾಚು ಅಷ್ಟನ್ನೂ ಒಂದೇ ದಿನದಲ್ಲಿ ಬಡಿದು ಮುಗಿಸಿ, ಮರುದಿನ ಬೆಳಿಗ್ಗೆ ಮತ್ತೆ ಕೀ ಕೇಳುತ್ತದೆ.

ಸಾಕುವುದಕ್ಕೂ ಕ್ರಮ ಇದೆ. ಕೀ ಕೊಡುವುದು ದಿನಾ ಒಂದೇ ಹೊತ್ತಿಗೆ. ತಿರುಪು ಬಿಗಿಯಾದ ಕೂಡಲೇ ಬಿಡಬೇಕು. ಬೆವರು ಇದರ ಶತ್ರು. ಗದ್ದೆಗಿಳಿಯುವಾಗ, ಪಾತ್ರೆ ತೊಳೆಯುವಾಗ ಬಿಚ್ಚಿಡಬೇಕು. ಮಿಷನ್ನು ಕಳಚುವ ಮುಂಚೆ ಕೀಲಿಯ ಸ್ಪ್ರಿಂಗನ್ನು ಮೆಲ್ಲಗೆ ಸಡಿಲ ಬಿಡದಿದ್ದರೆ ಚಕ್ರದ ಹಲ್ಲು ಮುರಿದೀತು. ತೊಳೆಯಲು ಬಿಳಿ ಪೆಟ್ರೋಲು. ಅದು ಡಯಲ್ಲಿಗೆ ತಾಗಿದರೆ ಬಣ್ಣ ಹೋದಂತೆಯೇ. ಎಣ್ಣೆ ಹಾಕುವುದು ಸೂಜಿಯ ಮೊನೆಯಷ್ಟು. ಎಣ್ಣೆ ಹೆಚ್ಚಾದರೆ ಹರಿದು ಧೂಳು ಹಿಡಿದು ವಾಚು ಹೆಳವಾಗುತ್ತದೆ. ಸ್ಪೀಕರಿನ ಅಯಸ್ಕಾಂತದ ಹತ್ತಿರ ಇಟ್ಟರೆ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ಮುಂದೆ ಓಡುತ್ತದೆ. ಈಗ ಮೊಬೈಲಿನ ಆ್ಯಪೇ ಟಿಕ್‌ಟಿಕ್ ಕೇಳಿ, ದಿನಕ್ಕೆ ಎಷ್ಟು ಸೆಕೆಂಡು ಹಿಂದೆ, ಎಷ್ಟು ಮುಂದೆ ಅಂತ ಹೇಳುತ್ತದೆ. ನಾವು ತೊಳೆದ ಒಂದು ಜನತಾ ದಿನಕ್ಕೆ 20 ಸೆಕೆಂಡು ಮುಂದಿತ್ತು. ಕೂದಲೆಳೆಯಷ್ಟು ಕಡ್ಡಿ ಸರಿಸಿದೆವು, 8ಕ್ಕೆ ಬಂತು.

ಆ ವಾಚನ್ನು ಅವ್ವನಿಗೆ ಕೊಟ್ಟೆವು. 'ಮೊಬೈಲಿರುವಾಗ ಯಾಕ್ಲಾ ಇದು' ಅಂದಳು. ಮೊಬೈಲಿನ ಗಂಟೆ ಸೆರಗಿನ ಗಂಟಿನಲ್ಲಿರುತ್ತದೆ, ಅದು ಅವ್ವನಿಗೆ ಮಾತ್ರ ಕಾಣುತ್ತದೆ. ಕೈಮೇಲಿನ ಗಂಟೆ ಧಣಿಗೂ ಕಾಣುತ್ತದೆ. ಕಳೆ ಕೀಳಲು ಹೋದಾಗ ಅವಳು ಅದನ್ನು ಬಿಚ್ಚಿ ಬದುವಿನ ಮೇಲೆ, ಬುತ್ತಿಯ ಪಕ್ಕ ಇಡುತ್ತಾಳೆ. ಯಾರೂ ಏನೂ ಮಾತಾಡುವುದಿಲ್ಲ. ಐದಕ್ಕೆ ಹೆಂಗಸರೆಲ್ಲ ಒಟ್ಟಿಗೆ ಏಳುತ್ತಾರೆ. ಅದು ಒರಿಜಿನಲ್ಲೇನಮ್ಮಾ ಅಂತ ಇದುವರೆಗೆ ಅಲ್ಲಿ ಯಾರೂ ಕೇಳಿಲ್ಲ.

ಹಾಗಾದರೆ ಅಸಲಿ ಅಂದರೇನು? ವಾಚಿನ ಚರಿತ್ರೆಯನ್ನೇ ಕೇಳೋಣ. 19ನೇ ಶತಮಾನದಲ್ಲಿ ಅಮೆರಿಕದ ವಾಲ್ಥಮ್ ವಾಚಿನ ಹೆಸರನ್ನೇ ಹೋಲುವ ಹೆಸರು ಕೊರೆದ ಅಗ್ಗದ ವಾಚುಗಳು ಸ್ವಿಟ್ಜರ್ಲೆಂಡಿನಿಂದ ಅಮೆರಿಕದ ಪೇಟೆಗೆ ಹೋಗುತ್ತಿದ್ದವು. 1876ರಲ್ಲಿ ಫಿಲಡೆಲ್ಫಿಯಾದ ವಸ್ತುಪ್ರದರ್ಶನ ನೋಡಲು ಹೋದ ಜಾಕ್ ದಾವೀದ್ ಎಂಬ ಸ್ವಿಸ್ ಎಂಜಿನಿಯರ್, ಅಮೆರಿಕದವರ ಯಂತ್ರಗಳನ್ನು ಕಂಡು ಬಂದು, ನಾವೂ ಅವರ ದಾರಿ ಹಿಡಿಯದಿದ್ದರೆ ಕೆಟ್ಟೆವು ಅಂತ ತನ್ನವರಿಗೆ ವರದಿ ಬರೆದ. ಇವತ್ತು ಶುದ್ಧಕ್ಕೆ ಇನ್ನೊಂದು ಹೆಸರಾದ ನಾಡು ಅದು. 2017ರಿಂದ ಜಾರಿಯಲ್ಲಿರುವ ಅವರ ನಿಯಮದಂತೆ, ಸ್ವಿಸ್ ಮೇಡ್ ಎಂದು ಬರೆಯಲು ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ ನೂರಕ್ಕೆ 60 ಪಾಲು ಅಲ್ಲಿಯದಾಗಿದ್ದರೆ ಆಯಿತು. ಉಳಿದ 40 ಎಲ್ಲಿಯದು ಅಂತ ಡಯಲ್ಲು ಹೇಳುವುದಿಲ್ಲ. ಅವರ ಗೋತ್ರವನ್ನು ಯಾರೂ ಕೇಳುವುದಿಲ್ಲ.

ಇನ್ನು ಒಳಗಿನ ಕಲ್ಲು. ವಾಚಿನ ಕೆಂಪು ಕಲ್ಲುಗಳು ಗಣಿಯಿಂದ ಬಂದವಲ್ಲ. 1902ರಲ್ಲಿ ಫ್ರಾನ್ಸಿನ ಒಗಸ್ಟ್ ವೆರ್ನೋಯ್ ಬೆಂಕಿಯ ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಮಾಡುವ ವಿಧಾನವನ್ನು ಲೋಕದ ಮುಂದಿಟ್ಟ. ಆಮೇಲೆ ವಾಚಿನೊಳಗೆ ಕೂತದ್ದು ಇಂಥ ಕಲ್ಲೇ. ಲಕ್ಷದ ವಾಚಿನಲ್ಲೂ ಅದೇ, ಜನತಾದಲ್ಲೂ ಅದೇ. ಗಣಿಯ ಮಾಣಿಕ್ಯದಲ್ಲಿರುವ ವಸ್ತುವೇ ಇದರಲ್ಲೂ ಇದೆ, ಗಡಸಿನಲ್ಲಿ ಕಮ್ಮಿಯಿಲ್ಲ. ಹುಟ್ಟಿದ ಜಾಗ ಬೇರೆ, ಮಾಡುವ ಕೆಲಸ ಒಂದೇ. ಇದನ್ನು ನಕಲಿ ಅಂತ ಯಾವ ಸಾಹುಕಾರನೂ ಕಿತ್ತು ಎಸೆದಿಲ್ಲ.

ಹಾಗಂತ ನಾವು ಕಳ್ಳ ಹೆಸರಿನ ವಕಾಲತ್ತು ಹಾಕುತ್ತಿಲ್ಲ. ಇನ್ನೊಬ್ಬರ ಗುರುತನ್ನು ಸುಳ್ಳಾಗಿ ಹಾಕಿ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಹಾಗಿರಲಿ, ಜಾಲಹಳ್ಳಿಯಲ್ಲಿ ಮೂವತ್ತು ವರ್ಷ ಕಣ್ಣು ಸವೆಸಿದವರ ಹೆಸರನ್ನು ಕೆಟ್ಟ ಶಾಯಿಯಲ್ಲಿ ಅಚ್ಚು ಹಾಕಿ 'ಓಲ್ಡ್ ಸ್ಟಾಕ್' ಅನ್ನುವುದು ಆ ದುಡಿಮೆಗೇ ಮಾಡುವ ಅವಮಾನ. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ: ಕಟ್ಟುತ್ತೇವೆ, ತೊಳೆಯುತ್ತೇವೆ, ಬೇಕಾದವರಿಗೆ ಕೊಡುತ್ತೇವೆ, ಅಸಲಿ ಅಂತ ಹೇಳಿ ಮಾರುವುದಿಲ್ಲ. ಕೇಳಿದವರಿಗೆ ಯಾವ ಭಾಗ ಎಲ್ಲಿಯದು ಅಂತ ಬಿಡಿಸಿ ಹೇಳುತ್ತೇವೆ.

ನಮ್ಮಲ್ಲೊಬ್ಬ ಒಂದು ಖಾಸಗಿ ಶಾಲೆಗೆ ಮೇಷ್ಟ್ರ ಕೆಲಸದ ಇಂಟರ್‌ವ್ಯೂಗೆ ಹೋಗಿದ್ದ. ಎದುರು ಕೂತವರು ಸರ್ಟಿಫಿಕೇಟು ನೋಡಿದರು, ಆಮೇಲೆ ಕೈ ನೋಡಿದರು. 'ರೋಲೆಕ್ಸಾ? ಒರಿಜಿನಲ್ಲಾ?' ಅಂತ ನಕ್ಕರು. 'ಅಲ್ಲ ಸಾರ್. ಆದ್ರೆ ಟೈಮ್ ಸರಿಯಾಗಿದೆ. ನಿಮ್ಮ ಗೋಡೆ ಗಡಿಯಾರ ಹನ್ನೊಂದು ನಿಮಿಷ ಹಿಂದಿದೆ' ಅಂದ. ಕೆಲಸ ಬರಲಿಲ್ಲ. ಆ ಗಡಿಯಾರವನ್ನು ಸರಿಮಾಡಿದರೋ ಇಲ್ಲವೋ!

ಅಂಬೇಡ್ಕರರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ 1901ರ ಸಂಗತಿಯೊಂದನ್ನು ಬರೆದಿದ್ದಾರೆ. ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಹೊಸ ಅಂಗಿ, ಹೊಸ ಟೋಪಿ, ಹೊಸ ಬೂಟು. ಸ್ಟೇಷನ್ ಮಾಸ್ತರ ಅವರನ್ನು ಬ್ರಾಹ್ಮಣರ ಮಕ್ಕಳೆಂದುಕೊಂಡು ಮಾತಾಡಿಸುತ್ತಾನೆ. ಮಹಾರರು ಅಂತ ತಿಳಿದ ಕೂಡಲೇ ಅವನ ಮುಖ ಬದಲಾಗುತ್ತದೆ. ಅಂಗಿ ಬದಲಾಗಿರಲಿಲ್ಲ, ಹುಡುಗರು ಬದಲಾಗಿರಲಿಲ್ಲ. ಅವರ ಬಟ್ಟೆಯಲ್ಲಿ ಒಂದು ನೂಲೂ ನಕಲಿ ಇರಲಿಲ್ಲ. ನಮ್ಮವರು ಅಸಲಿ ತೊಟ್ಟರೂ ನಕಲಿ ತೊಟ್ಟರೂ ಅದೇ ಕಣ್ಣು. ಅದಕ್ಕೇ ನಾವು ಅಸಲಿ ವಾಚು ಕೊಳ್ಳುವ ದಿನಕ್ಕಾಗಿ ಕಾದು ಕೂತಿಲ್ಲ. ವಾಚಿನ ಹೆಸರು ಸುಳ್ಳಿರಬಹುದು. ಕಟ್ಟಿದ ಕೈ ಸುಳ್ಳಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮೂರಲ್ಲೂ ಯಾರದೋ ಟ್ರಂಕಿನಲ್ಲಿ ನಿಂತುಹೋದ ವಾಚೊಂದು ಬಿದ್ದಿರುತ್ತದೆ. ಅಸಲಿಯೋ ನಕಲಿಯೋ, ತನ್ನಿ. ಕ್ಲಾಸಿನಲ್ಲಿ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಬಿಚ್ಚಿ. ಚಕ್ರ ಚಕ್ರವನ್ನು ಹೇಗೆ ನೂಕುತ್ತದೆ, ಕೀಲಿಯ ಬಲ ಮುಳ್ಳಿಗೆ ಹೇಗೆ ಬರುತ್ತದೆ, ಮಕ್ಕಳು ನೋಡಲಿ. ಚಿಮಟವನ್ನು ಮೊದಲು ಹಿಂದಿನ ಬೆಂಚಿನ ಹುಡುಗಿಯ ಕೈಗೆ ಕೊಡಿ. ಡಯಲ್ಲಿನ ಹೆಸರನ್ನು ಆಮೇಲೆ ಓದಿಸಿದರಾಯಿತು.