ನಡುವೆ ಆಕಾಶವಿರುವ ಬಾಗಿಲು

ಕೈಯ ಮದರಂಗಿ ಮಾಸುವ ಮೊದಲೇ ಬಸವನಗುಡಿಯ ಹೊಸ ಜೋಡಿಗಳು ದೊಡ್ಡಗಣಪತಿಗೂ ದೊಡ್ಡ ಬಸವಣ್ಣನಿಗೂ ಕೈಮುಗಿದು ಬರುತ್ತವೆ. ಮಲ್ಲೇಶ್ವರದವರಿಗೆ ಕಾಡುಮಲ್ಲೇಶ್ವರ. ಆಮೇಲೆ ಹನಿಮೂನು. ಹಿಂದೆ ಅದು ಊಟಿ, ಕೊಡೈಕೆನಾಲ್. 2024ರಲ್ಲಿ ಬೆಂಗಳೂರಿನಿಂದ ನೇರ ವಿಮಾನ ಹಾರತೊಡಗಿದ ಮೇಲೆ ಬಾಲಿ ಇನ್ನಷ್ಟು ಹತ್ತಿರವಾಗಿದೆ.

ಅಲ್ಲಿಂದ ಮೊಬೈಲಿಗೆ ಬರುವ ಫೋಟೊ ಹೆಚ್ಚಾಗಿ ಒಂದೇ: ಲೆಂಪುಯಾಂಗ್ ದೇವಾಲಯದ ಹೆಬ್ಬಾಗಿಲು. ಗೋಪುರವನ್ನು ನೆತ್ತಿಯಿಂದ ಬುಡದವರೆಗೆ ಎರಡು ಹೋಳು ಮಾಡಿ ಸರಿಸಿಟ್ಟಂತಿದೆ. ಬಾಲಿಯವರು ಇದನ್ನು ಚಂಡಿ ಬೆಂತಾರ್ ಎನ್ನುತ್ತಾರೆ. ಹೊರಮೈ ತುಂಬ ಕೆತ್ತನೆ, ಸೀಳಿದ ಮೈ ಮಾತ್ರ ನುಣುಪು. ಮೇಲೆ ತೊಲೆಯಿಲ್ಲ, ಮುಚ್ಚಲು ಕದವಿಲ್ಲ. ನಡುವೆ ಕಾಣುವುದು 3,000 ಮೀಟರ್ ಮೀರಿದ ಆಗುಂಗ್ ಪರ್ವತ. ಮೇರುವಿನ ತುಂಡುಗಳೇ ಬಾಲಿಯ ಬೆಟ್ಟಗಳಾದವು ಎಂಬುದು ಅಲ್ಲಿನ ಹಿಂದೂಗಳ ನಂಬಿಕೆ.

ಫೋಟೊದಲ್ಲಿ ಕಾಣುವ ಕೊಳ ಅಲ್ಲಿಲ್ಲ. ಕ್ಯಾಮೆರಾ ಕೆಳಗೆ ಹಿಡಿದ ಕನ್ನಡಿಯ ಕೈಚಳಕ ಅದು. ಅದಕ್ಕಿಂತ ಬೇಸರದ ಸಂಗತಿ ಬೇರೆಯಿದೆ. ಆ ಚಿತ್ರ ತೆಗೆಯುವುದು ಅಂಗಳದ ಒಳಗೆ ನಿಂತು, ಹೊರಗಿನ ಬೆಟ್ಟದ ಕಡೆ ಮುಖಮಾಡಿ. ನಾಗಗಳು ಕಾಯುವ ಮೆಟ್ಟಿಲು, ಅದರಾಚೆಯ ಗುಡಿ ಎಲ್ಲವೂ ಕ್ಯಾಮೆರಾದ ಬೆನ್ನಿಗೆ. ಗಂಟೆಗಟ್ಟಲೆ ಸರದಿಯಲ್ಲಿ ಕಾದ ಎಷ್ಟೋ ಜೋಡಿಗಳು ಅತ್ತ ತಿರುಗುವುದೇ ಇಲ್ಲ.

ಹೊಸದಾಗಿ ಮದುವೆಯಾದವರಿಗೆ ಬಾಗಿಲಿನ ಸೆಳೆತ ಸಹಜವೇ. ಸೇರಿನ ಅಕ್ಕಿಯನ್ನು ಕಾಲಿನಿಂದ ಮೆಲ್ಲಗೆ ಚೆಲ್ಲಿ ಹೊಸ್ತಿಲು ದಾಟಿದ ನೆನಪು ಅವರಲ್ಲಿ ಇನ್ನೂ ಹಸಿಯಾಗಿರುತ್ತದೆ.

ಇಂಥ ಬಾಗಿಲುಗಳು ನಮ್ಮಲ್ಲೂ ಇವೆ. ಹಂಪಿಯಲ್ಲಿ ವಿರೂಪಾಕ್ಷನಿಗೂ ಪಂಪಾದೇವಿಗೂ ಫಲಪೂಜೆಯಲ್ಲಿ ನಿಶ್ಚಿತಾರ್ಥ ನಡೆದು, ಬೇಸಿಗೆಯ ಜಾತ್ರೆಯಲ್ಲಿ ಕಲ್ಯಾಣವಾಗುತ್ತದೆ. ಸುಮಾರು 50 ಮೀಟರ್ ಎತ್ತರದ ಅಲ್ಲಿನ ಗೋಪುರದ ನೆರಳು ಕಿರುಗಂಡಿಯೊಂದರಿಂದ ಹಾದು ಕತ್ತಲೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಅದಕ್ಕೆ ಯಾರೂ ಕನ್ನಡಿ ಹಿಡಿಯಬೇಕಿಲ್ಲ, ಬಿಸಿಲೊಂದು ಸಾಕು. ಮೇಲುಕೋಟೆಯ ರಾಯಗೋಪುರವಂತೂ ಪೂರ್ತಿಯಾಗಲೇ ಇಲ್ಲ. ಎತ್ತರದ ಕಂಬಗಳ ನಡುವೆ ಇಲ್ಲಿಯೂ ಬರೀ ಆಕಾಶ. ಮದುವೆಗೆ ಮುಂಚಿನ ಫೋಟೊಗಳಿಗೆ ಬೆಂಗಳೂರಿನ ಜೋಡಿಗಳು ಅಲ್ಲಿಗೆ ಹೋಗುತ್ತಲೇ ಇರುತ್ತವೆ.

ಬಾಲಿಗೆ ಹೊರಟವರು ಖಂಡಿತ ಹೋಗಿಬರಲಿ. ಅಲ್ಲಿನ ಕ್ರಮದಂತೆ ಸರೋಂಗ್ ಉಟ್ಟು, ಫೋಟೊ ಮುಗಿದ ಮೇಲೆ ಒಮ್ಮೆ ಹಿಂದಿರುಗಿ ಆ ನಾಗಗಳ ಮೆಟ್ಟಿಲನ್ನೂ ನೋಡಲಿ. ಮೇಲುಕೋಟೆಗೆ ಹೋದವರು ಕಂಬಗಳ ಬಳಿಯಿಂದಲೇ ಹಿಂತಿರುಗದೆ ಚೆಲುವನಾರಾಯಣನ ದರ್ಶನ ಮಾಡಿ, ಪುಳಿಯೋಗರೆ ತಿಂದೇ ಬರಲಿ.