ಅಳಿಲಿನ ಲೆಕ್ಕ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಹೊಲಿಗೆ, ಶಿಶುಪಾಲನೆ, ಪ್ರವಾಸ ಮೊದಲಾದ ವಿಷಯಗಳನ್ನು ಕುರಿತು ಬರೆಯುವುದು ವಾಡಿಕೆ. ನಾನು ಬರೆಯಹೊರಟಿರುವುದಾದರೋ ಒಂದು ವಿಡಿಯೋ ಆಟದ ವಿಷಯ. ಆ ಹೆಸರನ್ನು ಕೇಳಿದೊಡನೆಯೇ ತಾಯಂದಿರಲ್ಲಿ ಅನೇಕರು ಹುಬ್ಬು ಗಂಟಿಕ್ಕುವರೆಂಬುದನ್ನು ಬಲ್ಲೆನು. ಆದಾಗ್ಯೂ ಕಳೆದ ಬೇಸಗೆಯ ರಜೆಯಲ್ಲಿ ಈ ಆಟದ ನಿಮಿತ್ತ ನನ್ನ ಮಗಳು ಮಾಡಿದಷ್ಟು ಅಂಕಗಣಿತವನ್ನು ತರಗತಿಯಲ್ಲಿ ವರುಷವಿಡೀ ಮಾಡಿರಲಾರಳು. ಆದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ.

ಆಟದ ಹೆಸರು ಪೋಕೆಮಾನ್. 1996ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಆಡುವವರು ನಾನಾ ವಿಧವಾದ ಜೀವಿಗಳನ್ನು ಹಿಡಿದು, ಸಾಕಿ, ಗರಡಿಯ ಪೈಲ್ವಾನರಂತೆ ಪಟ್ಟುಗಳನ್ನು ಕಲಿಸಿ ಕಾಳಗಕ್ಕೆ ನಿಲ್ಲಿಸುತ್ತಾರೆ. ಮಗಳ ಬಳಿಯಲ್ಲಿರುವುದು 2013ರಲ್ಲಿ ಹೊರಬಂದ ಎಕ್ಸ್ ಎಂಬ ಆವೃತ್ತಿ. ಅದನ್ನು ಆಡುವ ನಿಂಟೆಂಡೋ ಯಂತ್ರಕ್ಕೆ ಅಂತರ್ಜಾಲದ ಆಟವು 2024ರ ಏಪ್ರಿಲಿನಲ್ಲಿ ನಿಂತುಹೋಯಿತು. ಆದರೆ ಎರಡು ಯಂತ್ರಗಳು ಒಂದೇ ಕೋಣೆಯಲ್ಲಿದ್ದರೆ ಈಗಲೂ ಎದುರುಬದುರಾಗಿ ಆಡಬಹುದು. ಪ್ರತಿ ಬೇಸಗೆಯಲ್ಲಿಯೂ ನನ್ನ ಅಣ್ಣನ ಗಂಡುಮಕ್ಕಳಿಬ್ಬರು ತಮ್ಮ ಯಂತ್ರಗಳೊಡನೆ ನಮ್ಮ ಮನೆಗೆ ಬರುತ್ತಾರೆ.

ಮಗಳ ಪ್ರಿಯ ಜೀವಿಯು ಪಾಚಿರಿಸು ಎಂಬ ಮಿಂಚಿನ ಅಳಿಲು, ಎತ್ತರ 0.4 ಮೀಟರು, ತೂಕ 3.9 ಕಿಲೋಗ್ರಾಮು. ಮೂರು ವರುಷಗಳ ಹಿಂದೆ, ಈ ಶಾಲೆಯಲ್ಲಿಯೇ ಓದಿದವರಾದ ನನ್ನ ತಾಯಿಯವರು ಹಾಸಿಗೆ ಹಿಡಿದಿದ್ದಾಗ, ಅವರ ಮಂಚದ ಪಕ್ಕದಲ್ಲಿ ಕುಳಿತು ಅವಳು ಅದನ್ನು ಹಿಡಿದಳು. ಅದಕ್ಕೆ ಪುಟ್ಟು ಎಂದು ಹೆಸರಿಟ್ಟವರು ತಾಯಿಯವರೇ. ಅವರು ತೀರಿಕೊಂಡ ಮೇಲೆ ಆ ಅಳಿಲಿನ ವಿಷಯವಾಗಿ ಹಗುರವಾದ ಮಾತು ನಮ್ಮ ಮನೆಯಲ್ಲಿ ಸಲ್ಲದು. ಹುಡುಗರಿಗೆ ಇದೇನು ತಿಳಿದೀತು? ಅವರು ಕಾಗದದ ಮೇಲೆ ಅಂಕಗಳನ್ನು ಬರೆದು ತೋರಿಸಿ ನಕ್ಕರು. ಪಾಚಿರಿಸುವಿನ ಹುಟ್ಟುಬಲ ಪ್ರಾಣಕ್ಕೆ 60, ಆಕ್ರಮಣಕ್ಕೆ 45, ರಕ್ಷಣೆಗೆ 70, ವಿಶೇಷ ಆಕ್ರಮಣಕ್ಕೆ 45, ವಿಶೇಷ ರಕ್ಷಣೆಗೆ 90, ವೇಗಕ್ಕೆ 95, ಒಟ್ಟು 405. ಅವರ ಗಾರ್ಚಾಂಪ್ ಎಂಬ ಘಟಸರ್ಪದ ಒಟ್ಟು 600. ಮಗಳು ಅಳಲಿಲ್ಲ, ಮುಂದಿನ ಪಂದ್ಯದಲ್ಲಿ ಪುಟ್ಟುವೇ ಇರಬೇಕೆಂದು ಹಟ ಹಿಡಿದಳು. ಲೆಕ್ಕ ಕಲಿಸುವುದೇ ನನ್ನ ಕಸುಬಾದುದರಿಂದ, ಅದು ಯಾವ ಕೆಲಸಕ್ಕೆ ಬರುವುದೆಂಬುದನ್ನು ಕಾಗದದ ಮೇಲೆ ಸಾಧಿಸಿ ತೋರಿಸೆಂದು ಹೇಳಿದೆನು.

ಅವಳು ಹುಡುಕಿ ತಂದ ಸಾಕ್ಷ್ಯವು ನನ್ನನ್ನು ಬೆರಗುಗೊಳಿಸಿತು. 2014ರ ಆಗಸ್ಟಿನಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ನಡೆದ ಜಾಗತಿಕ ಪಂದ್ಯದಲ್ಲಿ ದಕ್ಷಿಣ ಕೊರಿಯದ ಸೆ ಜುನ್ ಪಾರ್ಕ್ ಎಂಬ ತರುಣರು ಹಿರಿಯರ ವಿಭಾಗದ ಪದವಿಯನ್ನು ಗೆದ್ದಾಗ, ಅವರ ತಂಡದ ಆರು ಜೀವಿಗಳಲ್ಲಿ ಒಂದು ಈ ಅಳಿಲೇ ಆಗಿತ್ತು. ಆ ಪಂದ್ಯದಲ್ಲಿ ಒಂದೊಂದು ಪಕ್ಷದಿಂದ ಎರಡೆರಡು ಜೀವಿಗಳು ಏಕಕಾಲದಲ್ಲಿ ಕಣದಲ್ಲಿರುತ್ತವೆ. ಮರ್ಮವೆಲ್ಲ ಇದರಲ್ಲಿಯೇ ಇದೆ. ಫಾಲೋ ಮೀ ಎಂಬ ಪಟ್ಟನ್ನು ಹಾಕಿದ ಅಳಿಲು, ಆ ಸರದಿಯಲ್ಲಿ ಜತೆಗಾರನ ಮೇಲೆ ಬರಬೇಕಾಗಿದ್ದ ಪೆಟ್ಟನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಪಾರ್ಕ್ ಅವರ ತಂಡದಲ್ಲಿ ಗ್ಯಾರಡೋಸ್ ಎಂಬ ನೀರಿನ ಹಾವಿತ್ತು. ಅದಕ್ಕೆ ಮಿಂಚಿನ ಪೆಟ್ಟು ನಾಲ್ಮಡಿಯಾಗಿ ತಗಲುವುದು. ಆದರೆ ವೋಲ್ಟ್ ಅಬ್ಸಾರ್ಬ್ ಎಂಬ ಸಹಜಗುಣವುಳ್ಳ ಅಳಿಲು ಅದೇ ಮಿಂಚನ್ನು ನುಂಗಿ, ನೋಯುವುದಕ್ಕೆ ಬದಲಾಗಿ ತನ್ನ ಪ್ರಾಣಬಲದ ಕಾಲುಭಾಗವನ್ನು ಮರಳಿ ಪಡೆಯುತ್ತದೆ! ನಮ್ಮಲ್ಲಿ ಅಳಿಲ ಸೇವೆಯೆಂದರೆ ಅಲ್ಪಸೇವೆಯೆಂದರ್ಥ. ಈ ಅಳಿಲಿನ ಸೇವೆಯು ಆ ಜಾತಿಯದಲ್ಲ.

ಉಳಿದ ಪಟ್ಟುಗಳ ಆಯ್ಕೆಯೂ ಹೀಗೆಯೇ. ಆಕ್ರಮಣ 45 ಇರುವ ಪ್ರಾಣಿಗೆ ಬಲವಾದ ಹೊಡೆತವನ್ನು ಕಲಿಸಿ ಫಲವೇನು? ಸೂಪರ್ ಫ್ಯಾಂಗ್ ಎಂಬುದು ಹೊಡೆಯುವವನ ಬಲವನ್ನು ಲೆಕ್ಕಿಸದೆ, ಎದುರಾಳಿಗೆ ಉಳಿದಿರುವ ಪ್ರಾಣಬಲವನ್ನು ಸರಿಯಾಗಿ ಅರ್ಧ ಮಾಡುತ್ತದೆ. ನಝಲ್ ಎಂಬುದು ಕೆನ್ನೆಯುಜ್ಜುವಷ್ಟೇ ಮೆತ್ತನೆಯ ಪೆಟ್ಟು. ಆದರೆ ತಗಲಿದವನಿಗೆ ಜೋಮು ಹಿಡಿಯುವುದು ನಿಶ್ಚಯ. ಪ್ರೊಟೆಕ್ಟ್ ಎಂಬುದು ಒಂದು ಸರದಿಯ ಮಟ್ಟಿಗೆ ಮೈಕಾಯುತ್ತದೆ. ಕೈಯಲ್ಲಿ ಹಿಡಿಸುವುದು ಸಿಟ್ರಸ್ ಹಣ್ಣು. ಪ್ರಾಣಬಲ ಅರ್ಧಕ್ಕಿಳಿದಾಗ ಅದು ಕಾಲುಭಾಗವನ್ನು ತುಂಬುವುದು.

ಇನ್ನು ಅಭ್ಯಾಸದ ಅಂಕಗಳು. ಪ್ರತಿಯೊಂದು ಜೀವಿಗೂ ಒಟ್ಟು 510. ಒಂದೊಂದು ಗುಣಕ್ಕೆ 252ನ್ನು ಮೀರಲಾಗದು. ಅವಳು 252ನ್ನು ಪ್ರಾಣಕ್ಕೂ 252ನ್ನು ರಕ್ಷಣೆಗೂ, ನಾಲ್ಕನ್ನು ವಿಶೇಷ ರಕ್ಷಣೆಗೂ ಹಾಕಿದಳು. ಪಂದ್ಯದ 50ನೆಯ ಮಟ್ಟದಲ್ಲಿ ಪ್ರಾಣಬಲ 135ರಿಂದ 167ಕ್ಕೆ ಏರಿತು. ಇಂಪಿಷ್ ಎಂಬ ತುಂಟ ಸ್ವಭಾವವೂ ಸೇರಿದರೆ ರಕ್ಷಣೆ 90ರಿಂದ 134 ಆಗುವುದು. ಇದರಿಂದೇನಾಯಿತೆಂದು ಪರೀಕ್ಷಿಸಲು ಹೈಡ್ರೈಗನ್ ಎಂಬ ಮೂರು ತಲೆಯ ಸರ್ಪದ ಡ್ರೇಕೋ ಮೀಟಿಯರ್ ಪೆಟ್ಟನ್ನು ಸೂತ್ರಕ್ಕೆ ಹಾಕಿದೆವು. ಪೂರ್ಣವಾಗಿ ಪಳಗಿದ, ವೇಗದ ಸ್ವಭಾವದ, ಬರಿಗೈಯ ಹೈಡ್ರೈಗನ್ 118ರಿಂದ 139ರವರೆಗೆ ಹಾನಿ ಮಾಡಬಲ್ಲದು. ಪ್ರಾಣಬಲ 135 ಆಗಿದ್ದಲ್ಲಿ ನಾಲ್ಕರಲ್ಲೊಂದು ಸಲ ಅಳಿಲು ನೆಲಕ್ಕೊರಗುವುದು. 167 ಆದಲ್ಲಿ ಎಂದಿಗೂ ಒರಗದು, ಕಡಮೆಯೆಂದರೆ 28 ಉಳಿದು, ಹಣ್ಣಿನಿಂದ 41 ಮರಳಿ ಬರುವುದು. ಈ ಉತ್ತರವನ್ನು ಅವಳು ಎರಡು ಸಲ ಗೆರೆ ಎಳೆದು ಬರೆದಿಟ್ಟಳು.

ಆದರೆ ಇಲ್ಲಿಯೇ ತೊಡಕು. ಪುಟ್ಟುವಿನ ಸಹಜಗುಣ ವೋಲ್ಟ್ ಅಬ್ಸಾರ್ಬ್ ಅಲ್ಲ, ಬಿದ್ದ ವಸ್ತುಗಳನ್ನು ಹೆಕ್ಕುವ ಪಿಕಪ್. ಈ ಆವೃತ್ತಿಯಲ್ಲಿ ಅದನ್ನು ಯಾವ ಔಷಧವೂ ವೋಲ್ಟ್ ಅಬ್ಸಾರ್ಬ್ ಆಗಿ ಬದಲಿಸದು. ಫಾಲೋ ಮೀ ಎಂಬುದಾದರೋ ಪಾಚಿರಿಸುವಿಗೆ ಬೆಳೆಯುತ್ತ ಬರುವ ವಿದ್ಯೆಯಲ್ಲ, ತಾಯ್ತಂದೆಗಳಿಂದ ಮೊಟ್ಟೆಯಲ್ಲಿಯೇ ಬರತಕ್ಕದ್ದು. ಎಂದರೆ, ಪಂದ್ಯಕ್ಕೆ ಬೇಕಾದ ಅಳಿಲು ಪುಟ್ಟುವಲ್ಲ. ಎರಡು ದಿನ ಅವಳು ಯಂತ್ರವನ್ನು ಮುಟ್ಟಲಿಲ್ಲ. ನಾನೂ ಏನನ್ನೂ ಹೇಳಲಿಲ್ಲ. ಲೆಕ್ಕವು ಕೊಟ್ಟ ಉತ್ತರವನ್ನು ಮಕ್ಕಳ ಕಣ್ಣೀರಿಗಾಗಿ ತಿದ್ದುವುದು ನನಗೆ ಸೇರದು.

ಮೂರನೆಯ ದಿನ ಅವಳೇ ದಾರಿ ಕಂಡುಕೊಂಡಳು. ಅಣ್ಣನ ಕಿರಿಯ ಮಗನಿಂದ ವೋಲ್ಟ್ ಅಬ್ಸಾರ್ಬ್ ಇರುವ ಒಂದು ಹೆಣ್ಣಳಿಲನ್ನು ವಿನಿಮಯದಲ್ಲಿ ಪಡೆದು, ಅದಕ್ಕೆ ಫಾಲೋ ಮೀ ಬಲ್ಲ ಗಂಡು ಕ್ಲೆಫೇರಿಯನ್ನು ಜೊತೆಮಾಡಿದಳು. ಅವುಗಳಿಗೆ ಹುಟ್ಟಿದ, ಗುಣವೂ ವಿದ್ಯೆಯೂ ಎರಡೂ ಇದ್ದ ಒಂದು ಹೆಣ್ಣುಮರಿಗೆ ಪುಟ್ಟುವನ್ನು ಜೊತೆಮಾಡಿದಳು. ಏತಕ್ಕೆಂದರೆ, ಪುಟ್ಟುವಿನ ಸ್ವಭಾವ ಇಂಪಿಷ್! ಎವರ್‌ಸ್ಟೋನ್ ಎಂಬ ಕಲ್ಲನ್ನು ಹಿಡಿದಿರುವ ಜೀವಿಯ ಸ್ವಭಾವವು ಮರಿಗೆ ತಪ್ಪದೆ ಬರುವುದು. ತಾಯಿಯ ಗುಣ ಬರುವುದು ನೂರಕ್ಕೆ 60ರಷ್ಟು, ವಿದ್ಯೆಯೂ ತಾಯಿಯಿಂದಲೇ. ಹದಿನಾಲ್ಕನೆಯ ಮೊಟ್ಟೆಯಲ್ಲಿ ಎಲ್ಲವೂ ಕೂಡಿಬಂತು. ಉಳಿದ ಹದಿಮೂರು ಮರಿಗಳನ್ನು ಆಟದ ಪದ್ಧತಿಯಂತೆ ಕಾಡಿಗೆ ಬಿಡಬಹುದಾಗಿತ್ತು, ಅವಳು ಬಿಡಲಿಲ್ಲ. ಹದಿಮೂರಕ್ಕೂ ಒಂದೊಂದು ಹೆಸರಿಟ್ಟು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ.

ಪಂದ್ಯ ಮೂರು ಆಟಗಳದು. ಮೊದಲನೆಯದರಲ್ಲಿ ಹಿರಿಯ ಹುಡುಗನು ಏರೋಡ್ಯಾಕ್ಟಿಲ್ ಎಂಬ ಪುರಾತನ ಹಕ್ಕಿಯಿಂದ ಟಾಂಟ್ ಪಟ್ಟನ್ನು ಹಾಕಿಸಿದನು. ಇದಕ್ಕೆ ಸಿಕ್ಕಿದವರು ಹೊಡೆಯುವ ಪಟ್ಟುಗಳನ್ನು ಬಿಟ್ಟು ಬೇರೆ ಯಾವುದನ್ನೂ ಹಾಕಲಾರರು. ಫಾಲೋ ಮೀಯೂ ಪ್ರೊಟೆಕ್ಟೂ ಕೆಲಸಕ್ಕೆ ಬಾರದೆ ಹೋಗಿ ಅವಳು ಸೋತಳು. ಎರಡನೆಯ ಆಟದಲ್ಲಿ ಅವಳು ಫಾಲೋ ಮೀಯ ಯೋಚನೆಯನ್ನೇ ಮಾಡದೆ, ಹಕ್ಕಿಯು ಟಾಂಟ್ ಹಾಕುತ್ತಿರುವಾಗಲೇ ನಝಲ್ ಮಾಡಿಸಿದಳು. ಜೋಮು ಹಿಡಿದವನ ವೇಗ ಈ ಆವೃತ್ತಿಯಲ್ಲಿ ಕಾಲುಭಾಗಕ್ಕಿಳಿಯುವುದು: ಹಕ್ಕಿಯ 200 ವೇಗವು 50 ಆಯಿತು, ಅಳಿಲಿನದು 115. ಮುಂದಿನ ಸರದಿಯಿಂದ ಅಳಿಲೇ ಮೊದಲು. ಆ ಆಟವನ್ನು ಗೆದ್ದಳು, ಮೂರನೆಯದನ್ನು ಸೋತಳು.

ಹುಡುಗನು ಮುಂದಿನ ಬೇಸಗೆಯಲ್ಲಿ ಗಾರ್ಚಾಂಪನ್ನೇ ಮುಂದಿಟ್ಟು ಆಡುವೆನೆಂದು ಹೇಳಿ ಹೋಗಿದ್ದಾನೆ. ಅದರ ಭೂಕಂಪದ ಪೆಟ್ಟು ಕಣದಲ್ಲಿರುವ ಎಲ್ಲರಿಗೂ ಒಮ್ಮೆಗೇ ತಗಲುವುದರಿಂದ ಫಾಲೋ ಮೀಯಿಂದ ಪ್ರಯೋಜನವಿಲ್ಲ. ಮಿಂಚಿನ ಜಾತಿಗೆ ಅದು ಇಮ್ಮಡಿ ಬೇರೆ. ನಝಲ್ ಅದಕ್ಕೆ ತಗಲುವುದೇ ಇಲ್ಲ. ಸೂಪರ್ ಫ್ಯಾಂಗ್ ಮಾತ್ರ ತಗಲುವುದು. ಅದಕ್ಕೆ ಸರಿಯಾದ ಜತೆಗಾರ ಯಾರೆಂಬ ಲೆಕ್ಕದ ಕಾಗದವು ಊಟದ ಮೇಜಿನ ಮೇಲೆ ಅರ್ಧಕ್ಕೆ ನಿಂತಿದೆ.